ಕದಂಬ ನೌಕಾನೆಲೆ

ಯುದ್ಧನೌಕೆಗಳಿಗೆ ಸಮುದ್ರವೇ ಕಾರ್ಯಕ್ಷೇತ್ರ. ಆದರೂ ಇಂಧನಕ್ಕಾಗಿ, ದುರಸ್ತಿಗಾಗಿ, ನಾವಿಕರ ವಿಶ್ರಾಂತಿಗಾಗಿ ಅವು ದಡಕ್ಕೆ ಮರಳಲೇಬೇಕು. ಭಾರತದ ಪಶ್ಚಿಮ ನೌಕಾಬಲವು ಬಹುಕಾಲ ಮುಂಬಯಿ ಬಂದರನ್ನೇ ಹೆಚ್ಚಾಗಿ ಆಶ್ರಯಿಸಿತ್ತು. ಅಲ್ಲಿ ವ್ಯಾಪಾರದ ಹಡಗುಗಳ ಸಂದಣಿ ಅಪಾರ. 1971ರ ಯುದ್ಧಾನಂತರ ಮತ್ತೊಂದು ನೆಲೆಯ ಅಗತ್ಯವು ಮನವರಿಕೆಯಾಯಿತು. ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಅವರು ಇದಕ್ಕೆ ಕಾರವಾರದ ಕರಾವಳಿಯನ್ನು ಆರಿಸಿದರು. ಒಂದೆಡೆ ಸಹ್ಯಾದ್ರಿಯ ಬೆಟ್ಟಗಳ ಮರೆ, ಇನ್ನೊಂದೆಡೆ ಆಳವಾದ ಕಡಲು ಅಲ್ಲಿದ್ದವು.

‘ಸೀಬರ್ಡ್’ ಎಂಬ ಈ ಯೋಜನೆಗೆ ಪ್ರಧಾನಿ ರಾಜೀವ್ ಗಾಂಧಿಯವರು 1986ರಲ್ಲಿ ಶಂಕುಸ್ಥಾಪನೆ ಮಾಡಿದರು. ಹಣದ ಅಭಾವದಿಂದ ಕೆಲಸವು ವರ್ಷಗಟ್ಟಲೆ ನಿಧಾನವಾಯಿತು. ಕೊನೆಗೆ 2005ರ ಮೇ 31ರಂದು ನೆಲೆಯು ಸೇವೆಗೆ ಸೇರಿತು. ಬನವಾಸಿಯಿಂದ ಆಳಿದ ಕನ್ನಡದ ಪ್ರಾಚೀನ ರಾಜವಂಶದ ನೆನಪಿಗೆ ‘ಕದಂಬ’ ಎಂದು ಅದಕ್ಕೆ ಹೆಸರಿಡಲಾಯಿತು. ದುರಸ್ತಿಗೆ ಬಂದ ನೌಕೆಯನ್ನು ನೀರಿನಿಂದ ಮೇಲೆತ್ತಿ ನೆಲಕ್ಕೆ ಸಾಗಿಸುವ ಯಂತ್ರವ್ಯವಸ್ಥೆ ಇಲ್ಲಿದೆ. 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ವು ರಷ್ಯದಿಂದ ಹೊರಟು ಇಲ್ಲಿಗೇ ಬಂದು ತಲುಪಿತು.

ಈ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹಲವು ಗ್ರಾಮಗಳ ರೈತರೂ ಮೀನುಗಾರರೂ ತಮ್ಮ ಮನೆ, ಗದ್ದೆ, ಕಡಲದಂಡೆಗಳನ್ನು ತೊರೆದರು. ನ್ಯಾಯವಾದ ಪರಿಹಾರಕ್ಕಾಗಿ ಅವರಲ್ಲಿ ಅನೇಕರು ದೀರ್ಘಕಾಲ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ದೇಶದ ಕಡಲನ್ನು ಕಾಯುವ ನಾವಿಕರ ಸೇವೆಯನ್ನು ಸ್ಮರಿಸುವಾಗ, ಅವರಿಗೆ ನೆಲೆ ಒದಗಿಸಿದ ಈ ಜನರ ತ್ಯಾಗವನ್ನೂ ನಾವು ಮರೆಯಲಾಗದು.