ಜಾಲತಾಣಕ್ಕೆ ಓದುಗರು ಬರುವ ದಾರಿ

ಅಂತರಜಾಲದಲ್ಲಿ ಒಂದು ತಾಣವನ್ನು ತೆರೆದ ಮಾತ್ರಕ್ಕೆ ಓದುಗರು ಅದರತ್ತ ಬರುವುದಿಲ್ಲ. ಬಹುಪಾಲು ಜನರು ತಮಗೆ ಬೇಕಾದ ವಿಷಯವನ್ನು ಶೋಧಯಂತ್ರದಲ್ಲಿ ಹುಡುಕಿ, ಅದು ತೋರಿಸಿದ ಪುಟಗಳ ಪೈಕಿ ಮೊದಲ ಕೆಲವನ್ನಷ್ಟೇ ತೆರೆದು ನೋಡುತ್ತಾರೆ. ಆದುದರಿಂದ ಶೋಧಯಂತ್ರವು ಪುಟವನ್ನು ಹೇಗೆ ಓದುತ್ತದೆ, ಅದಕ್ಕೆ ಹೇಗೆ ಬೆಲೆ ಕಟ್ಟುತ್ತದೆ ಎಂಬುದನ್ನು ತಾಣ ನಡೆಸುವವರು ಅರಿತಿರುವುದು ಅಗತ್ಯ.

ಭಾರತೀಯ ಭಾಷೆಗಳ ಮಟ್ಟಿಗೆ ತೊಡಕು ಓದುವ ಹಂತದಲ್ಲಿಯೇ ಇದ್ದಿತು. ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ವಾಸುದೇವ ವರ್ಮ ಮತ್ತು ಅವರ ಸಹೋದ್ಯೋಗಿಗಳು ‘ವೆಬ್‌ಖೋಜ್’ ಎಂಬ ಶೋಧಯಂತ್ರವನ್ನು ಕುರಿತು 2006ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಜಾಲದಲ್ಲಿದ್ದ ಭಾರತೀಯ ಭಾಷಾ ಬರಹದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಭಾಗವು ಶೋಧಕ್ಕೆ ಸಿಗುತ್ತಿಲ್ಲವೆಂದು ಅದರಲ್ಲಿ ಹೇಳಲಾಗಿದೆ. ತಾಣಗಳು ತಮ್ಮ ತಮ್ಮ ಫಾಂಟುಗಳಿಗೆ ತಕ್ಕಂತೆ ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದುದೇ ಇದಕ್ಕೆ ಕಾರಣ. ಪರದೆಯ ಮೇಲೆ ‘ಕ’ ಎಂದು ಕಾಣುವುದು ಯಂತ್ರದ ಪಾಲಿಗೆ ಯಾವುದೋ ರೋಮನ್ ಅಕ್ಷರವಾಗಿರುತ್ತಿತ್ತು. ಓದುಗನ ಕಣ್ಣಿಗೆ ಅಚ್ಚುಕಟ್ಟಾದ ಪುಟ, ಯಂತ್ರಕ್ಕೆ ಅರ್ಥವಿಲ್ಲದ ಗೀಚು. ವೆಬ್‌ಖೋಜ್ ಇಂತಹ ಪುಟಗಳನ್ನು ಹುಡುಕಿ ತಂದು, ಏಕರೂಪದ ಸಂಕೇತಕ್ಕೆ ಪರಿವರ್ತಿಸಿ, ಬಳಿಕ ತನ್ನ ಸೂಚಿಗೆ ಸೇರಿಸುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದರ ಬಳಕೆ ರೂಢಿಗೆ ಬರಲು ಬಹುಕಾಲ ಹಿಡಿಯಿತು. ಹಳೆಯ ಫಾಂಟಿನಲ್ಲಿಯೇ ಉಳಿದ ಬರಹವು ಇಂದಿಗೂ ಗ್ರಂಥಾಲಯದ ಪಟ್ಟಿಗೆ ಸೇರದ ಪುಸ್ತಕದಂತೆಯೇ ಸರಿ.

ಓದಲು ಬಂದ ಪುಟಕ್ಕೆ ಬೆಲೆ ಕಟ್ಟುವುದು ಎರಡನೆಯ ಹಂತ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ‘ಪೇಜ್‌ರ‍್ಯಾಂಕ್’ ವಿಧಾನದಲ್ಲಿ, ಒಂದು ಪುಟವು ಇನ್ನೊಂದಕ್ಕೆ ನೀಡುವ ಕೊಂಡಿಯನ್ನು ಶಿಫಾರಸೆಂದು ಎಣಿಸಲಾಗುತ್ತದೆ. ಶಿಫಾರಸು ಮಾಡಿದವರ ಘನತೆಯೂ ಲೆಕ್ಕಕ್ಕೆ ಬರುತ್ತದೆ. ಹೆಸರಾಂತ ವಿಶ್ವವಿದ್ಯಾಲಯವು ನೀಡಿದ ಒಂದು ಕೊಂಡಿಗೆ, ಯಾರೂ ಗಮನಿಸದ ಹತ್ತಾರು ಪುಟಗಳ ಕೊಂಡಿಗಳಿಗಿಂತ ಹೆಚ್ಚಿನ ತೂಕ ಬರಬಹುದು. ಇದನ್ನರಿತು ಹಣಕ್ಕೆ ಕೊಂಡಿ ಮಾರುವ ದಂಧೆಯೂ ಬೆಳೆಯಿತು. ಅಂತಹ ತಾಣಗಳನ್ನು ಕೆಳಕ್ಕೆ ತಳ್ಳಲು ಗೂಗಲ್ 2012ರಲ್ಲಿ ‘ಪೆಂಗ್ವಿನ್’ ಎಂಬ ಮಾರ್ಪಾಟನ್ನು ಜಾರಿಗೆ ತಂದಿತು. ಕೊಂಡುಕೊಂಡ ಕೊಂಡಿ ನಷ್ಟಕ್ಕೇ ದಾರಿ.

ಬೇರೆಲ್ಲಿಯೂ ದೊರೆಯದ ಮಾಹಿತಿ ಇದ್ದಲ್ಲಿ ಕೊಂಡಿಗಳು ತಾವಾಗಿ ಬರುತ್ತವೆ. ಊರಿನ ಶಾಸನದ ಪಾಠ, ಸ್ಥಳೀಯ ಬೆಳೆಯ ರೋಗಲಕ್ಷಣಗಳು, ಸಂಘದ ಹಳೆಯ ಸಂಚಿಕೆಗಳ ವಿಷಯಸೂಚಿ ಮುಂತಾದವನ್ನು ಅಧ್ಯಾಪಕರೂ ಪತ್ರಕರ್ತರೂ ಉಲ್ಲೇಖಿಸುತ್ತಾರೆ. ಪ್ರತಿ ಪುಟಕ್ಕೂ ವಿಷಯವನ್ನು ಸೂಚಿಸುವ ಶೀರ್ಷಿಕೆ ಇರಬೇಕು. ಎಲ್ಲ ಪುಟಗಳಿಗೂ ‘ಮುಖಪುಟ’ ಎಂದೇ ಹೆಸರಿಟ್ಟರೆ ಪ್ರಯೋಜನವಿಲ್ಲ. ತಾಣವನ್ನು ನವೀಕರಿಸುವಾಗ ಪುಟಗಳ ವಿಳಾಸಗಳನ್ನು ಬದಲಾಯಿಸಿಬಿಡುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಇದರಿಂದ ವರ್ಷಗಟ್ಟಲೆ ಗಳಿಸಿದ ಕೊಂಡಿಗಳೆಲ್ಲ ಒಂದೇ ದಿನದಲ್ಲಿ ಕಡಿದುಹೋಗುತ್ತವೆ. ಬದಲಾವಣೆ ಅನಿವಾರ್ಯವಾದಲ್ಲಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳುಹಿಸುವ ಶಾಶ್ವತ ವ್ಯವಸ್ಥೆಯನ್ನು ಮೊದಲೇ ಮಾಡಿರಬೇಕು.