ಹಿತ್ತಲಿನ ಕೊತ್ತಂಬರಿ

ಗಂಗಾವತಿಯ ಕಡೆಗೆ ತುಂಗಭದ್ರೆಯ ಕಾಲುವೆಯುಂಟು. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ನಮ್ಮ ಹಿತ್ತಲಿಗೆ ದೊರೆಯುವುದು ಬಚ್ಚಲ ನೀರಷ್ಟೆ. ಕೊತ್ತಂಬರಿಗೆ ಅದೇ ಸಾಕೆಂದು ಬಗೆದು, ಯುಗಾದಿಯ ಹೊತ್ತಿಗೆ ಒಂದು ಹಿಡಿ ಕಾಳು ಚೆಲ್ಲಿದೆ. 15 ದಿನ ಕಾದರೂ ಹುಟ್ಟಿದವು ನಾಲ್ಕಾರು. ಅವೂ ಸೊಪ್ಪಾಗುವ ಮೊದಲೇ ಹೂ ಬಿಟ್ಟವು.

“ಇಡೀ ಕಾಳ ಒಗದ್ರ ಹ್ಯಾಂಗ ಹುಟ್ಟತಾವ, ತಮ್ಮಾ?” ಎಂದು ಅಜ್ಜಿ ನಕ್ಕಳು.

ಆ ಮಾತಿನಲ್ಲಿ ಸಸ್ಯಶಾಸ್ತ್ರವೇ ಅಡಗಿತ್ತು. ನಾವು ಕಾಳೆನ್ನುವುದು ವಾಸ್ತವವಾಗಿ ಒಣಗಿದ ಹಣ್ಣು. ಅದರೊಳಗೆ ಬೀಜಗಳು ಎರಡು. ಎರಡು ಹೋಳಾಗುವಷ್ಟು ಮಾತ್ರ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಪುಡಿಯಾದರೆ ಸಾರಿಗೆ ಬಂದೀತೇ ಹೊರತು ಮಣ್ಣಿಗಲ್ಲ! ಇನ್ನು ಬಿಸಿಲು ಬಲಿತರೆ ಈ ಗಿಡ ಎಲೆಯನ್ನು ಮರೆತು ಬೀಜ ಕಟ್ಟಲು ಅವಸರಪಡುತ್ತದೆ. ನಮ್ಮ ಬೇಸಿಗೆಯಂತೂ 40 ಡಿಗ್ರಿ ಮುಟ್ಟುವಂಥದು.

ಆದ್ದರಿಂದ ದೀಪಾವಳಿಯ ಸುಮಾರಿಗೆ, ಕರಿಬೇವಿನ ಗಿಡದ ಪಕ್ಕದಲ್ಲಿ ಮತ್ತೆ ಬಿತ್ತಿದೆ. ಎಲ್ಲವನ್ನೂ ಒಮ್ಮೆಗೇ ಅಲ್ಲ. 15 ದಿನಕ್ಕೊಂದು ಸಾಲು. ಸಾಬೂನಿನ ನೀರನ್ನು ಬೇರೆ ಕಡೆಗೆ ತಿರುವಿದೆ. 40 ದಿನಗಳಲ್ಲಿ ಮೊದಲ ಸಾಲು ಕೀಳಲು ಬಂತು. ಎಳ್ಳಮಾವಾಸ್ಯೆಯ ಚರಗದ ಅಡಿಗೆಗೆ ಅಜ್ಜಿ ಪೇಟೆಯ ಸೊಪ್ಪು ತರಿಸಲಿಲ್ಲ.