ಹಪ್ಪಳದ ಹೆಸರು, ಹಪ್ಪಳದ ಯಂತ್ರ

ಬಜಗೋಳಿಯಲ್ಲಿ ಹಲಸಿನ ಹಪ್ಪಳದ ಸಣ್ಣ ಘಟಕ ನಡೆಸುವ ನನ್ನಲ್ಲಿ ಗಿರಾಕಿಗಳು ಆಗಾಗ ಕೇಳುವ ಪ್ರಶ್ನೆ: "ನಿಮ್ಮ ಹಪ್ಪಳಕ್ಕೆ ಪೇಟೆಂಟ್ ಮಾಡಿಸಿದ್ದೀರಾ?" ಕುದುರೆಮುಖದ ಘಾಟಿ ಇಳಿದು ಬಂದವರು, ಧರ್ಮಸ್ಥಳದಿಂದ ನಾರಾವಿ ದಾರಿಯಾಗಿ ಕಾರ್ಕಳಕ್ಕೆ ಹೊರಟವರು ಕಾರು ನಿಲ್ಲಿಸಿ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹಪ್ಪಳಕ್ಕೆ ಪೇಟೆಂಟ್ ಸಿಗದು. ಪೇಟೆಂಟ್ ಹೊಸ ಶೋಧನೆಗೆ. ಹಲಸಿನ ಸೊಳೆ ಬೇಯಿಸಿ, ಅರೆದು, ಬಿಸಿಲಿಗೆ ಹಾಕುವುದನ್ನು ನಾನು ಕಂಡುಹಿಡಿದಿಲ್ಲವಲ್ಲ! ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲವೆಂದು 1970ರ ಕಾಯ್ದೆಯ 3ನೇ ಸೆಕ್ಷನ್ನೇ ಹೇಳುತ್ತದೆ. ಗಾಯಕ್ಕೆ ಅರಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟಿತು, 1997ರಲ್ಲಿ ಅದು ರದ್ದಾಯಿತು.

ನನಗೆ ಬೇಕಿದ್ದದ್ದು ಟ್ರೇಡ್‌ಮಾರ್ಕ್. ಅದು ಸರಕಿನದ್ದಲ್ಲ, ಸರಕು ಯಾರದ್ದೆಂದು ತೋರಿಸುವ ಹೆಸರಿನದ್ದು, ಲಾಂಛನದ್ದು. 'ಬಜಗೋಳಿ ಹಪ್ಪಳ' ಎಂದೇ ಇಡಬೇಕೆಂದು ಮನೆಯಲ್ಲಿ ಎಲ್ಲರಿಗೂ ಆಸೆ. ಉಡುಪಿಯ ವಕೀಲರು ಒಪ್ಪಲಿಲ್ಲ. ಊರಿನ ಹೆಸರಿಗೆ ಸರಕಿನ ಹೆಸರು ಸೇರಿಸಿದರೆ ಅದು ನಿಮ್ಮೊಬ್ಬರ ಗುರುತು ಹೇಗಾಗುತ್ತದೆ, ನಾಳೆ ಪಕ್ಕದ ಮನೆಯವರೂ ಹಪ್ಪಳ ಮಾಡಿದರೆ ಅವರು ಏನೆಂದು ಬರೆಯಬೇಕು ಎಂದು ಕೇಳಿದರು. ನ್ಯಾಯವೇ. ದೇಶದ ತುಂಬ ಇರುವ ಉಡುಪಿ ಹೋಟೆಲುಗಳಿಗೆ ಒಬ್ಬರೇ ಯಜಮಾನರಿಲ್ಲದ್ದೂ ಇದಕ್ಕೇ ಇರಬೇಕು.

ಊರಿನ ಹೆಸರನ್ನು ಉಳಿಸಿಕೊಳ್ಳುವ ದಾರಿ ಬೇರೆಯೇ ಇದೆ. ಕಾಪು ತಾಲೂಕಿನ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಸೂಚಿಕೆ, ಆ ಮಣ್ಣಿನಲ್ಲಿ ಬೆಳೆಯುವವರೆಲ್ಲರಿಗೂ ಸೇರಿದ್ದು. ಉಡುಪಿ ಮಲ್ಲಿಗೆಗೂ ಹಾಗೆಯೇ. ಒಬ್ಬ ವ್ಯಾಪಾರಿಯ ಹೆಸರಿಗೆ ಅದು ಬರುವುದಿಲ್ಲ.

ಕೊನೆಗೆ ನಮ್ಮ ಮನೆಯ ಹೆಸರಿಗೆ ಚೂರು ತಿರುವು ಕೊಟ್ಟು, ಯಾರೂ ಬಳಸದ ಒಂದು ಪದ ಕಟ್ಟಿದೆವು. ಅರ್ಜಿ ಆನ್‌ಲೈನಿನಲ್ಲಿ ಚೆನ್ನೈ ಕಚೇರಿಗೆ ಹೋಯಿತು. ಹಪ್ಪಳ 30ನೇ ವರ್ಗ, ಜೊತೆಗೆ ನಾವು ಮಾಡುವ ಪುನರ್ಪುಳಿ ಶರಬತ್ತು 32ನೇ ವರ್ಗ. ನಮ್ಮಂಥ ಒಂಟಿ ಮಾಲೀಕರಿಗೆ ವರ್ಗವೊಂದಕ್ಕೆ ಶುಲ್ಕ 4,500 ರೂಪಾಯಿ, ಎರಡಕ್ಕೆ 9,000. ವಕೀಲರದ್ದು ಬೇರೆ! ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ 4 ತಿಂಗಳು. ಕವರಿನ ಮೇಲೆ 'ಟಿಎಂ' ಎಂದು ಮೊದಲೇ ಹಾಕಬಹುದು. ವೃತ್ತದೊಳಗಿನ 'ಆರ್' ಮಾತ್ರ ನೋಂದಣಿಯಾದ ಮೇಲೆಯೇ. ಅದಕ್ಕೆ ಮೊದಲು ಹಾಕಿದರೆ ಅಪರಾಧ.

ನೋಂದಣಿಯಾದ ಮಾತ್ರಕ್ಕೆ ಪದ ಪೂರ್ತಿ ನಮ್ಮದಾಗುವುದಿಲ್ಲ. ಹಾಲು ಒಕ್ಕೂಟ 1985ರಿಂದ 'ನಂದಿನಿ' ಹೆಸರು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಹೋಟೆಲು 1989ರಿಂದ. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2018ರಲ್ಲಿ ತೀರ್ಪು ಹೋಟೆಲಿನ ಪರವಾಯಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು. ಸರಕು ಬೇರೆ, ಲಾಂಛನದ ನೋಟ ಬೇರೆ ಎಂಬುದು ಮುಖ್ಯವಾಯಿತು. ಅಷ್ಟು ದೊಡ್ಡ ಒಕ್ಕೂಟಕ್ಕೇ ಹೀಗಾದರೆ ನನ್ನ ಹಪ್ಪಳದ ಹೆಸರಿನಲ್ಲಿ ಯಾರಾದರೂ ಟೈರ್ ಮಾರಿದರೆ ನಾನು ಕೂಗಾಡಿ ಪ್ರಯೋಜನವಿಲ್ಲ.

ಪೇಟೆಂಟಿನ ಮಾತು ನಿಜವಾಗಿ ಬಂದದ್ದು ನನ್ನ ತಮ್ಮನ ಯಂತ್ರದಿಂದ. ಹಪ್ಪಳ ಒತ್ತುವ ಒಂದು ಪ್ರೆಸ್ಸನ್ನು ಅವನು ಕಾಲಲ್ಲಿ ತುಳಿಯುವಂತೆ ಮಾಡಿದ್ದ. ವಕೀಲರ ಮೊದಲ ಪ್ರಶ್ನೆ, ಇದನ್ನು ಯಾರಿಗಾದರೂ ತೋರಿಸಿದ್ದೀರಾ, ಮಾರಿದ್ದೀರಾ ಎಂಬುದು. ಅರ್ಜಿಗೆ ಮೊದಲೇ ನಾಲ್ಕು ಜನರ ಮುಂದೆ ಇಟ್ಟರೆ ಹೊಸತೆನ್ನುವುದೇ ಹೋದೀತು. ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಂಡರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಸಿಕ್ಕಿದ ಪೇಟೆಂಟ್ ಅರ್ಜಿಯ ದಿನದಿಂದ 20 ವರ್ಷ. ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಹುಡುಕಿದಾಗ ಅಂಥ ತುಳಿಯುವ ಪ್ರೆಸ್ಸುಗಳು ಮೊದಲೇ ಇದ್ದವು. ತಮ್ಮ ಅರ್ಜಿ ಹಾಕಲಿಲ್ಲ. ಯಂತ್ರ ಮಾತ್ರ ಈಗಲೂ ಚೆನ್ನಾಗಿ ಓಡುತ್ತಿದೆ.

ಹಿಟ್ಟಿಗೆ ಹಾಕುವ ಜೀರಿಗೆ, ಮೆಣಸಿನ ಪ್ರಮಾಣವನ್ನು ನಾವು ಎಲ್ಲಿಯೂ ಬರೆದು ಕೊಟ್ಟಿಲ್ಲ. ಪೇಟೆಂಟಿಗೆ ಹೋದರೆ ಎಲ್ಲವನ್ನೂ ಬಿಚ್ಚಿಡಬೇಕು; ಮನೆಯ ಗುಟ್ಟಿಗೆ ಅವಧಿಯೂ ಇಲ್ಲ, ಶುಲ್ಕವೂ ಇಲ್ಲ.

ಟ್ರೇಡ್‌ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದು ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಉಪ್ಪಿನಕಾಯಿಯೋ ಚಕ್ಕುಲಿಯೋ ಮಾಡಿ ಮಾರಲು ಹೊರಟವರಿಗೆ ನನ್ನದೊಂದೇ ವಿನಂತಿ: ಸಾವಿರಗಟ್ಟಲೆ ಕವರು ಪ್ರಿಂಟಿಗೆ ಕೊಡುವ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಹೆಸರನ್ನು ಹುಡುಕಿ ನೋಡಿ. ಅದಕ್ಕೆ ಹಣ ಕೊಡಬೇಕಿಲ್ಲ.